ಗೋಡೆಯ ಸಂದಿನ ಬೀಜ

ಪಾರವ್ವ ಮೂಡಲಗಿ ಕಡೆಯ ಆ ಒಕ್ಕಲುಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಒಂದು ಹೀರೇಬಳ್ಳಿ ಹಬ್ಬಿಸಿಯೂ ಗೊತ್ತಿರಲಿಲ್ಲ. ಅವಳ ಅಪ್ಪ ಗೋಕಾಕದ ಜಲಪಾತ ಧಬಧಬಿಯ ಬಾಜೂ ಇದ್ದ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದ. ಗಿರಣಿಯ ಚಾಳಿನಲ್ಲಿ ಹುಟ್ಟಿ, ಪಾಳಿಯ ಭೋಂಗಾ ಕೂಗಿದಾಗ ಎದ್ದು, ಧುಮುಕುವ ನೀರಿನ ಸಪ್ಪಳದಲ್ಲಿ ನಿದ್ದೆ ಮಾಡಿ ಬೆಳೆದ ಹುಡುಗಿ. ಇಲ್ಲಿ ಕರಿಯ ಎರೆಹೊಲ, ಹೊಲದ ನಡುವೆ ಒಂದು ಬಾವಿ, ಸಂಜೆಯಾದರೆ ಕಿವಿ ಗುಂಯ್ ಅನ್ನುವಂಥ ಮೌನ. ಮೊದಮೊದಲು ಅವಳು ಆ ಮೌನಕ್ಕೇ ಹೆದರುತ್ತಿದ್ದಳು.

ಮನೆಯಲ್ಲಿ ಇದ್ದವರು ನಾಲ್ಕೇ ಜನ. ಗಂಡ ದುಂಡಪ್ಪ, ನಗುಮುಖದವನು, ಮಾತು ಕಡಿಮೆ. ಅವನ ಅಣ್ಣ ಮುರಿಗೆಪ್ಪ, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇವರಿಬ್ಬರ ತಾಯಿ ಕಾಶೆವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಮಾವ ಸತ್ತೆಪ್ಪ ಹಿಂದಿನ ಶ್ರಾವಣದಲ್ಲಿ ತೀರಿಹೋಗಿದ್ದ. ಅವನನ್ನು ಪಾರವ್ವ ನೋಡಿರಲಿಲ್ಲ. ಆದರೆ ಅವನು ಸತ್ತ ರೀತಿಯನ್ನು ಬಾವಿಗೆ ನೀರಿಗೆ ಬಂದ ಹೆಂಗಸರು ಹೇಳಿದ್ದರು. ಗಟ್ಟಿಮುಟ್ಟಾಗಿದ್ದ ಮುದುಕ. "ಸುಗ್ಗಿ ಆದಮ್ಯಾಲೆ ಹೊಲಾ ಇಬ್ಬರಿಗೂ ಹಂಚಿಬಿಡ್ತೇನಿ" ಅಂತ ಪಂಚರ ಮುಂದೆ ಆಡಿದ್ದ. ಅದಾದ ಮೇಲೆ ಅವನಿಗೆ ಭ್ರಮೆ ಹಿಡಿಯಿತು. ಗಂಟಲು ಒಣಗಿ ನೀರು ನೀರು ಅನ್ನುವನು, ಕೊಟ್ಟರೆ ನುಂಗಲಾರ. ಹೊದಿಕೆಯಿಂದ ಇಲ್ಲದ ಎಳೆ ಕೀಳುವನು. ಗೋಡೆಯ ಮೇಲೆ ಯಾರೋ ಕೂತಿದ್ದಾರೆ ಅಂತ ಬೈಯುವನು. ಹಾಗೆಯೇ ಹೋದ. ಗಾಳಿ ಬಡಿಯಿತು ಅಂತ ಊರು ಮಾತಾಡಿತು.

ಹೊಲ ಒಡೆಯಲಿಲ್ಲ. ಮುರಿಗೆಪ್ಪ ಯಜಮಾನನಾದ. ಬಾವಿಯನ್ನು ಹರೆಯದಲ್ಲಿ ಅವನೇ ತೋಡಿದ್ದ, ಬಂಡೆ ಸಿಕ್ಕಲ್ಲಿ ಬೆಂಕಿ ಹಾಕಿ ಕಾಯಿಸಿ, ಒಡೆದು, ಕಲ್ಲು ಹೊತ್ತು ಮೇಲೆ ತಂದಿದ್ದ. ಬಲಗೈಯ ಎರಡು ಬೆರಳು ಆ ಬಾವಿಗೇ ಹೋಗಿದ್ದವು. ಸಂಜೆ ಅವನು ಬಾವಿಯ ದಂಡೆಗೆ ಕೂತು ನೀರು ನೋಡುತ್ತಿದ್ದರೆ, ಯಾರೂ ಹತ್ತಿರ ಹೋಗುತ್ತಿರಲಿಲ್ಲ.

ಮಿರಗದ ಮಳೆಗೆ ಇನ್ನೂ ಒಂದು ತಿಂಗಳು ಇರುವಾಗ ಕಾಶೆವ್ವ ಸೊಸೆಯನ್ನು ಹಿತ್ತಲಿಗೆ ಕರೆದಳು.

"ಪಾರವ್ವಾ, ಈ ವರ್ಷ ಮೆಣಸಿನಕಾಯಿ ಅಗಿ ನೀನ ಮಾಡಬೇಕು. ನನಗ ಕಣ್ಣಿಲ್ಲ."

"ನನಗ ಬರೂದಿಲ್ರಿ ಅತ್ತಿ."

"ಬರೂದಿಲ್ಲ ಅಂದ್ರ ಕಲಿ. ಅಗಿ ಅಂದ್ರ ಸಸಿ. ಮೊದಲು ಮಡಿಯೊಳಗ ಮಂದಾಗಿ ಎಬ್ಬಿಸೂದು, ಗೇಣುದ್ದ ಆದಮ್ಯಾಲೆ ಕಿತ್ತು ಹೊಲಕ್ಕ ಹಚ್ಚೂದು. ಇಷ್ಟ."

ಮುದುಕಿ ಕಲ್ಲಿನ ಮೇಲೆ ಕೂತು ಹೇಳಿದಂತೆ ಪಾರವ್ವ ಮಾಡಿದಳು. ಮಣ್ಣನ್ನು ಹೆಂಟೆ ಇಲ್ಲದಂತೆ ಪುಡಿಮಾಡಿ, ಹಳೆಯ ಸಗಣಿಗೊಬ್ಬರ ಕಲಿಸಿ, ನೆಲಕ್ಕಿಂತ ತುಸು ಎತ್ತರವಾಗಿ ಮಡಿ ಕಟ್ಟಿದಳು. ಬೀಜದ ಗಡಿಗೆ ಅಡುಗೆಮನೆಯ ಮಾಡದಲ್ಲಿತ್ತು. ಬೂದಿಯಲ್ಲಿ ಹೂತಿಟ್ಟ, ಚಪ್ಪಟೆಯಾದ ಹಳದಿ ಬೀಜ. ಬೆರಳಿನಿಂದ ಗೆರೆ ಎಳೆದು, ಬೀಜ ಉದುರಿಸಿ, ಮೇಲೆ ತೆಳುವಾಗಿ ಮಣ್ಣು ಸವರಿ, ಹುಲ್ಲು ಹೊದಿಸಿದಳು. ಇರುವೆ ಹೊತ್ತುಕೊಂಡು ಹೋಗದಂತೆ ಸುತ್ತ ಬೂದಿ ಎರಚಿದಳು.

"ನೀರು ಕೈಲೆ ಚಿಮುಕಸಬೇಕು," ಅಂದಳು ಕಾಶೆವ್ವ. "ಕಡಿಮಿ ಆದ್ರ ಬೀಜ ಕಾಯ್ತತಿ. ಹೆಚ್ಚಾದ್ರ ಸಾಯ್ತತಿ."

ನೀರಿನ ನಡುವೆ ಬೆಳೆದವಳಿಗೆ ಆ ಮಾತಿನ ಎರಡನೆಯ ಅರ್ಧ ಮನಸ್ಸಿಗೆ ಹತ್ತಲಿಲ್ಲ. ಬಿಸಿಲು ಕಂಡಾಗೆಲ್ಲ ಕೊಡ ತಂದು ಸುರಿದಳು. ಎಳೆ ಸಸಿಗಳು ಬಾಗಿ ಎದ್ದವು, ಎರಡೆರಡು ಎಲೆ ಬಿಚ್ಚಿದವು, ಆಮೇಲೆ ಒಂದು ಮುಂಜಾನೆ ನೋಡಿದರೆ ಬುಡ ಕೊಳೆತು ಎಲ್ಲವೂ ಮಲಗಿದ್ದವು. ಪಾರವ್ವ ಅತ್ತಳು. ಅತ್ತೆಗೆ ಹೇಳುವ ಧೈರ್ಯ ಬರಲಿಲ್ಲ. ಮಡಿಯನ್ನು ಮತ್ತೆ ಕೆದರಿ ಒಣಗಿಸಿದಳು. ಗಡಿಗೆಯಲ್ಲಿ ಬರೀ ಬೂದಿ ಉಳಿದಿತ್ತು.

ಬೀಜ ಎಲ್ಲಾದರೂ ಇದ್ದೀತು ಅಂತ ಮನೆಯೆಲ್ಲ ಹುಡುಕಿದಳು. ದನದ ಕೊಟ್ಟಿಗೆಯಲ್ಲಿ, ಮುರಿಗೆಪ್ಪ ಹಗ್ಗ ಬಾರಕೋಲು ತೂಗುಹಾಕುವ ಗೂಟದ ಮೇಲೆ, ಗೋಡೆಯ ಕಲ್ಲಿನ ಸಂದಿಯಲ್ಲಿ ಒಂದು ಅರಿವೆಯ ಗಂಟು ತುರುಕಿದ್ದು ಕೈಗೆ ಹತ್ತಿತು. ಬಿಚ್ಚಿದಳು. ಹಳದಿ ಬೀಜ. ಗಡಿಗೆಯ ಬೀಜಕ್ಕಿಂತ ತುಸು ದಪ್ಪ, ಮೈ ತುಸು ಮುದುರಿದಂತೆ ಇತ್ತು. ಹಳೆಯವಿರಬೇಕು ಅಂದುಕೊಂಡಳು. ಅರ್ಧ ತೆಗೆದುಕೊಂಡು, ಉಳಿದದ್ದನ್ನು ಮೊದಲಿನಂತೆಯೇ ಕಟ್ಟಿ ಸಂದಿಯಲ್ಲಿ ಇಟ್ಟಳು.

ಮಡಿ ತುಂಬಿದ ಮೇಲೂ ಸೆರಗಿನ ತುದಿಯಲ್ಲಿ ಕೆಲವು ಕಾಳು ಉಳಿದವು. ಬಚ್ಚಲ ಹಿಂದೆ ಬಿದ್ದಿದ್ದ ಒಡಕು ಗಡಿಗೆಗೆ ಮಣ್ಣು ತುಂಬಿ ಅದರಲ್ಲಿ ಒತ್ತಿಬಿಟ್ಟಳು.

ಮರುದಿನ ಕಸ ಗುಡಿಸುವಾಗ ಗೋಡೆಯ ಸಂದಿ ನೋಡಿದಳು. ಗಂಟು ಅಲ್ಲಿರಲಿಲ್ಲ.

ಅಂದು ಊಟಕ್ಕೆ ಕೂತಾಗ ಮುರಿಗೆಪ್ಪ ತಲೆ ಎತ್ತದೆ ಕೇಳಿದ, "ಯವ್ವಾ, ಆ ಮಡಿಗೆ ಹಾಕಿದ ಬೀಜ ಎಲ್ಲ್ಯಾವು?"

"ನನ್ನ ಗಡಿಗ್ಯಾವು. ಮತ್ತ್ಯಾವು? ಯಾಕ ಕೇಳ್ತಿ?"

"ಸುಮ್ನ ಕೇಳಿದ್ನಿ."

ಮಾತು ತಾಯಿಗೆ, ಕಣ್ಣು ಪಾರವ್ವನ ಮೇಲೆ. ಅವಳು ಸೆರಗು ಮುಂದಕ್ಕೆಳೆದುಕೊಂಡು ರೊಟ್ಟಿ ತಟ್ಟುವುದರಲ್ಲಿ ಮುಖ ಮರೆಸಿದಳು. ಕದ್ದದ್ದು ಗೊತ್ತಾಯಿತಲ್ಲ ಅಂತ ಅವಳಿಗೆ ನಾಚಿಕೆ. ಅದಕ್ಕಿಂತ ಹೆಚ್ಚಿನದೇನೂ ಅವಳಿಗೆ ಹೊಳೆಯಲಿಲ್ಲ.

ಆಗಿನಿಂದ ಮುರಿಗೆಪ್ಪ ದಿನಾ ಮುಂಜಾನೆ ಹಿತ್ತಲಿಗೆ ಬಂದು ಮಡಿಯ ಹತ್ತಿರ ನಿಲ್ಲತೊಡಗಿದ. ಹುಲ್ಲಿನ ಹೊದಿಕೆಯನ್ನು ಕಾಲಿನಿಂದ ತುಸು ಸರಿಸಿ ನೋಡಿ ಹೋಗುತ್ತಿದ್ದ.

ಆ ವಾರದಲ್ಲೇ ದುಂಡಪ್ಪನಿಗೆ ಶುರುವಾಯಿತು. ಕುಂಟೆ ಹೊಡೆಯಲು ಹೊಲಕ್ಕೆ ಹೋದವನು ಹೊತ್ತು ಇಳಿಯುವ ಮೊದಲೇ ಗೋಡೆ ಹಿಡಿದುಕೊಂಡು ಮನೆಗೆ ಬಂದ. ಮುಖ ಕೆಂಪಗೆ ಕಾದಿತ್ತು. ಬಾಯಿ ಒಣಗಿ ನಾಲಿಗೆ ಏಳುತ್ತಿರಲಿಲ್ಲ. ಬೆಳಕು ಚುಚ್ಚುತ್ತದೆ ಅಂತ ಕಂಬಳಿ ಮುಸುಕು ಹಾಕಿಕೊಂಡ. ಒಳಗಿನಿಂದ ಯಾರೊಂದಿಗೋ ಮಾತಾಡಿದ, "ಅಪ್ಪಾ, ನೀ ಯಾಕ ಅಲ್ಲಿ ನಿಂತಿ? ಒಳಗ ಬಾ."

ಪಾರವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಮುರಿಗೆಪ್ಪ ಮಾತ್ರ ತಮ್ಮನ ಹತ್ತಿರವೇ ಕೂತು ಹಣೆ ಒರೆಸಿದ, ನೀರು ಕುಡಿಸಿದ. "ಅಪ್ಪಗೂ ಹಿಂಗ ಆಗಿತ್ತು," ಅಂದ ಮೆಲ್ಲಗೆ. "ಆ ಗಾಳಿ ಮನಿ ಬಿಟ್ಟು ಹೋಗಿಲ್ಲ. ಹುಕ್ಕೇರಿ ಕಡೆ ಗಾಳಿ ಬಿಡಸಾಂವ ಒಬ್ಬ ಅದಾನಂತ. ಇನ್ನೊಮ್ಮಿ ಬಂತಂದ್ರ ಅಲ್ಲಿ ಒಯ್ದು ಕಟ್ಟಿ ಹಾಕಸೂದು."

ಎರಡು ದಿನಕ್ಕೆ ದುಂಡಪ್ಪ ಎದ್ದ. ತಾನು ಏನು ಮಾತಾಡಿದೆ ಅನ್ನುವುದು ಅವನಿಗೆ ನೆನಪಿರಲಿಲ್ಲ. ಹೊಲಕ್ಕೆ ಹೋದ. ಅವನಿಗೆ ಮಧ್ಯಾಹ್ನದ ಬುತ್ತಿ ಒಯ್ಯುವವನು ಮುರಿಗೆಪ್ಪನೇ. ಬೆಳಿಗ್ಗೆ ದನಕ್ಕೆ ಮೇವು ಹಾಕಿ, ಪಾರವ್ವ ಕಟ್ಟಿಟ್ಟ ಬುತ್ತಿ ಹಿಡಿದುಕೊಂಡು ಹೊಲಕ್ಕೆ ನಡೆಯುತ್ತಿದ್ದ. ಜೋಳದ ರೊಟ್ಟಿ, ಉಳ್ಳಾಗಡ್ಡಿ, ಭರಣಿಯ ರಂಜಕ. ದುಂಡಪ್ಪನಿಗೆ ರಂಜಕ ಇಲ್ಲದಿದ್ದರೆ ರೊಟ್ಟಿ ಇಳಿಯುತ್ತಿರಲಿಲ್ಲ. ಕೆಂಪು ಮೆಣಸಿನಕಾಯಿಯನ್ನು ಬೀಜದ ಸಮೇತ ಬಳ್ಳೊಳ್ಳಿ, ಲಿಂಬೆರಸ ಹಾಕಿ ಅರೆದಿಟ್ಟ ಖಾರ. ಅವನು ಅದನ್ನು ಬೆರಳಿನಿಂದ ಬಳಿದುಕೊಂಡು ತಿನ್ನುವವನು.

ಮಿರಗದ ಮಳೆ ಬಂತು. ಮಡಿಯಲ್ಲಿ ಎಳೆ ಎದ್ದವು. ಈ ಸಲ ಪಾರವ್ವ ನೀರು ಸುರಿಯಲಿಲ್ಲ, ಕೈಯಿಂದಲೇ ಚಿಮುಕಿಸಿದಳು. ಎಲೆಗಳು ಮೊದಲ ಸಲಕ್ಕಿಂತ ಅಗಲವಾಗಿ, ದಪ್ಪವಾಗಿ ಬಂದಾಗ ಅವಳು ಹಿಗ್ಗಿದಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಅವಳಿಗೆ ಒಂದು ಸಂತೋಷ ಸಿಕ್ಕಿತ್ತು. ಅತ್ತೆಯ ಕೈ ಹಿಡಿದು ಕರೆದುಕೊಂಡು ಬಂದು ಮುಟ್ಟಿಸಬೇಕು ಅಂತ ಇದ್ದಳು.

ಮುಟ್ಟಿಸಲು ಆಗಲಿಲ್ಲ. ಒಂದು ಬೆಳಿಗ್ಗೆ ಮಡಿ ಕೆಸರಾಗಿ ಹೋಗಿತ್ತು. ಒಂದು ಎಳೆಯೂ ಉಳಿದಿರಲಿಲ್ಲ.

"ಎಮ್ಮಿ ಹಗ್ಗ ಹರಕೊಂಡು ಬಂದಿತ್ತು," ಅಂದ ಮುರಿಗೆಪ್ಪ, ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತ.

ಪಾರವ್ವ ಕೊಟ್ಟಿಗೆಗೆ ಹೋಗಿ ನೋಡಿದಳು. ಎಮ್ಮೆ ಕಟ್ಟಿದಲ್ಲೇ ನಿಂತು ಮೆಲುಕು ಹಾಕುತ್ತಿತ್ತು. ಹಗ್ಗದಲ್ಲಿ ಹೊಸ ಗಂಟು ಇರಲಿಲ್ಲ. ಕೆಸರಿನಲ್ಲಿ ಗೊರಸಿನ ಗುರುತೂ ಇರಲಿಲ್ಲ. ಬರಿಗಾಲಿನ ಹಿಮ್ಮಡಿಗಳು ಆಳವಾಗಿ ಒತ್ತಿದ್ದವು, ಒಂದರ ಮೇಲೆ ಒಂದು, ಮಡಿಯ ಈ ತುದಿಯಿಂದ ಆ ತುದಿಯವರೆಗೆ. ಕೂಸಿನಂಥ ಸಸಿಗಳ ಮೇಲೆ ಮನುಷ್ಯನಿಗೆ ಇಷ್ಟು ಸಿಟ್ಟು ಯಾಕೆ ಅಂತ ಅವಳಿಗೆ ತಿಳಿಯಲಿಲ್ಲ. ತಿಳಿಯದ್ದಕ್ಕೇ ಹೆಚ್ಚು ಹೆದರಿಕೆಯಾಯಿತು. ಅವತ್ತಿನಿಂದ ಅವನು ಅಂಗಳದಲ್ಲಿದ್ದರೆ ಅವಳು ಒಳಗಿನಿಂದ ಹೊರಗೆ ಬರಲಿಲ್ಲ.

ಸ್ವಲ್ಪ ದಿನಕ್ಕೆ ದುಂಡಪ್ಪನಿಗೆ ಎರಡನೆಯ ಸಲ ಬಂತು, ಮೊದಲಿಗಿಂತ ಜೋರು. ಹೆಂಡತಿಯ ಗುರುತು ಹತ್ತಲಿಲ್ಲ. ಗಾಳಿಯಲ್ಲಿ ಕೈಯಾಡಿಸಿ ಕಾಣದ ದಾರ ಎಳೆದ, ಸುತ್ತಿದ, ಮತ್ತೆ ಎಳೆದ. ಊರವರು ಬಾಗಿಲಲ್ಲಿ ಗುಂಪುಗೂಡಿ, "ಅಪ್ಪನ ಹಾದೀನ ಹಿಡದಾನ" ಅಂದುಕೊಂಡು ಹೋದರು. ಹುಕ್ಕೇರಿಗೆ ಒಯ್ಯಲು ಅಮಾಸೆ ಕಳೆಯಲಿ ಅಂದ ಮುರಿಗೆಪ್ಪ. ಆ ಸಲ ದುಂಡಪ್ಪ ಚೇತರಿಸಿಕೊಳ್ಳಲು ಬಹಳ ದಿನ ಹಿಡಿಯಿತು. ಎದ್ದು ನಿಂತಾಗಲೂ ಮಾತಿನ ನಡುವೆ ತಡವರಿಸುತ್ತಿದ್ದ.

ಅವನು ಮತ್ತೆ ಹೊಲಕ್ಕೆ ಹೋದ ದಿನ ಪಾರವ್ವ ಬಚ್ಚಲ ಹಿಂದೆ ಪಾತ್ರೆ ತಿಕ್ಕುತ್ತಿದ್ದಳು. ಒಡಕು ಗಡಿಗೆಯನ್ನು ಅವಳು ಮರೆತೇಬಿಟ್ಟಿದ್ದಳು. ಅದರಲ್ಲಿ ನಾಲ್ಕಾರು ಗಿಡ ಗೇಣುದ್ದ ಎದ್ದು ನಿಂತಿದ್ದವು. ಅವಳು ಅತ್ತೆಯನ್ನು ಕರೆತಂದು ಕೂರಿಸಿದಳು. "ಇಷ್ಟರ ಉಳದಾವ್ರಿ ಅತ್ತಿ. ಹೊಲಕ್ಕ ಹಚ್ಚೂಣೇನ್ರಿ?"

ಕಾಶೆವ್ವ ಗಿಡವನ್ನು ಬುಡದಿಂದ ತುದಿಯವರೆಗೆ ಮುಟ್ಟಿದಳು. ಎಲೆಯ ಅಂಚಿನ ಮೇಲೆ ಹೆಬ್ಬೆರಳು ನಿಂತಿತು. ಒಂದು ಎಲೆ ಕಿತ್ತು ಹೊಸಕಿ ಮೂಗಿಗೆ ಹಿಡಿದಳು.

ಇನ್ನೊಂದು ಎಲೆ ಕಿತ್ತು ಅದನ್ನೂ ಮೂಸಿದಳು.

"ಇದು ಮೆಣಸಿನಕಾಯಿ ಅಲ್ಲ," ಅಂದಳು ಕೊನೆಗೆ. "ಮದಗುಣಕಿ. ದತ್ತೂರಿ ಅಂತಾರಲ್ಲ, ಅದು. ಈ ನಾತಕ್ಕ ದನಾನೂ ಬಾಯಿ ಹಾಕೂದಿಲ್ಲ. ಈ ಬೀಜ ಎಲ್ಲಿಂದ ತಂದಿ?"

ಪಾರವ್ವ ಎಲ್ಲವನ್ನೂ ಹೇಳಿದಳು. ಕೊಳೆತ ಮೊದಲ ಮಡಿ, ಖಾಲಿಯಾದ ಗಡಿಗೆ, ಭಾವನ ಗೂಟದ ಮೇಲಿನ ಸಂದಿ, ಗಂಟು, ಮರುದಿನ ಅದು ಕಾಣೆಯಾದದ್ದು, ಕೆಸರಿನ ಹಿಮ್ಮಡಿ.

"ದುಂಡಪ್ಪಗ ಬಂದಾಗ," ಕಾಶೆವ್ವನ ದನಿ ಇಳಿದಿತ್ತು, "ಅವನ ಕಣ್ಣ ಗುಡ್ಡಿ ಹ್ಯಾಂಗಿದ್ದುವು?"

"ಕರೇದ ದೊಡ್ಡದಾಗಿತ್ರಿ. ಕಣ್ಣ ತುಂಬ ಕರೇದ."

"ಹೌದು. ನಿನ್ನ ಮಾವಗೂ ಹಂಗ ಆಗಿತ್ತು. ಆಗ ನನಗ ಇಷ್ಟರ ಕಾಣತಿತ್ತು." ಮುದುಕಿ ಎರಡೂ ಕೈಯನ್ನು ಮಣ್ಣಿನ ಮೇಲೆ ಊರಿದಳು. "ಅದರ ಬೀಜ ಅರದು ಹಾಕಿದ್ರ ಮನಶ್ಯಾಗ ಭ್ರಮಾ ಹಿಡೀತತಿ. ಹೆಚ್ಚ ಹಾಕಿದ್ರ ಸಾಯ್ತಾನ. ಖಾರದಾಗ ಹಾಕಿದ್ರ ಕಹಿ ಗೊತ್ತಾಗೂದಿಲ್ಲ. ಬುತ್ತಿ ಯಾರು ಒಯ್ದಾರ ಇವತ್ತ?"

ಪಾರವ್ವ ಎದ್ದು ಓಡಿದಳು.

ಮುರಿಗೆಪ್ಪ ಬಂಡಿಯ ದಾರಿ ಹಿಡಿದು ಹೋಗಿದ್ದ. ಅವಳು ಹಳ್ಳ ಇಳಿದು, ಬೇಲಿ ದಾಟಿ, ಎರೆಮಣ್ಣು ಕಾಲಿಗೆ ಮೆತ್ತಿ ಮೆತ್ತಿ ಭಾರವಾದರೂ ನಿಲ್ಲದೆ ಹೊಲ ಮುಟ್ಟಿದಳು. ಮುರಿಗೆಪ್ಪ ಬುತ್ತಿ ಕೊಟ್ಟು, ಎತ್ತು ಬಿಟ್ಟುಕೊಂಡು ಬಾವಿಯ ಕಡೆ ಹೋಗಿದ್ದ. ದುಂಡಪ್ಪ ಬೇವಿನ ನೆರಳಿನಲ್ಲಿ ಅರಿವೆ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದ.

"ತಿನಬ್ಯಾಡ್ರಿ!" ಅಂದಳು. ಅವನ ಕೈಯಿಂದ ತುತ್ತು ಕಸಿದುಕೊಂಡಳು. "ಅತ್ತಿ ಕರ್ಯಾಕತ್ತಾರ. ಈಗಿಂದೀಗ ಬರಬೇಕಂತ."

ಬುತ್ತಿಯನ್ನು ಇದ್ದ ಹಾಗೆಯೇ ಕಟ್ಟಿಕೊಂಡು, ಗಂಡನನ್ನು ಮುಂದೆ ಹಾಕಿಕೊಂಡು ಮನೆಗೆ ಬಂದಳು. ದಾರಿಯಲ್ಲಿ ಒಮ್ಮೆ ತಿರುಗಿ ನೋಡಿದಳು. ಬಾವಿಯ ದಂಡೆಯ ಮೇಲೆ ಮುರಿಗೆಪ್ಪ ನಿಂತಿದ್ದ. ಅವರನ್ನೇ ನೋಡುತ್ತಿದ್ದ. ಕೂಗಲಿಲ್ಲ, ಹಿಂದೆ ಬರಲೂ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಅವನು ಬಂದ, ಎತ್ತು ಕಟ್ಟಿ, ಕಾಲು ತೊಳೆದುಕೊಂಡು. ಪಡಸಾಲೆಯಲ್ಲಿ ತಾಯಿ ಕೂತಿದ್ದಳು. ಅವಳ ಮುಂದೆ ಬುತ್ತಿಯ ಅರಿವೆ ಬಿಚ್ಚಿತ್ತು. ದುಂಡಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಪಾರವ್ವ ಅಡುಗೆಮನೆಯ ಬಾಗಿಲಲ್ಲಿದ್ದಳು.

"ಕುಂಡ್ರು ಮುರಿಗೆಪ್ಪ," ಅಂದಳು ಕಾಶೆವ್ವ. "ತಮ್ಮ ಬುತ್ತಿ ಬಿಟ್ಟು ಬಂದಾನ. ನೀ ಉಣ್ಣು."

"ನನಗ ಹಸಿವಿಲ್ಲ."

"ರೊಟ್ಟಿ ಬ್ಯಾಡಾದ್ರ ಬಿಡು. ಈ ರಂಜಕಾ ಒಂದ ಬೊಟ್ಟು ನೆಕ್ಕು."

"ಹಸಿವಿಲ್ಲ ಅಂದ್ನಲ್ಲ."

"ಹಂಗಾರ ನಾನ ತಿಂತೇನಿ."

ಮುದುಕಿ ತಡಕಾಡಿ ರಂಜಕದಲ್ಲಿ ಬೆರಳು ಅದ್ದಿದಳು. ಬೆರಳನ್ನು ಮೆಲ್ಲಗೆ ಎತ್ತಿ ತುಟಿಯ ಹತ್ತಿರ ತಂದು ಹಿಡಿದಳು. ಹಾಗೆಯೇ ಹಿಡಿದಳು. ದುಂಡಪ್ಪ ಮುಂದೆ ಬರಲು ಹೋದ, ಪಾರವ್ವ ಅವನ ತೋಳು ಹಿಡಿದಳು. ಕಾಣದ ಎರಡು ಕಣ್ಣು ಹಿರಿಯ ಮಗನ ಕಡೆ ತಿರುಗಿದ್ದವು. ಅವಳು ಕಾಯುತ್ತಿದ್ದಳು. ಬ್ಯಾಡ ಯವ್ವಾ ಅನ್ನುವ ಒಂದು ಮಾತಿಗೆ.

ಮುರಿಗೆಪ್ಪನ ಬಾಯಿ ತುಸು ತೆರೆಯಿತು. ದನಿ ಬರಲಿಲ್ಲ. ಅವನು ಗೋಡೆಯ ಕಡೆ ನೋಡಿದ.

ಕಾಶೆವ್ವ ಬೆರಳನ್ನು ಕೆಳಗಿಳಿಸಿ ನೆಲಕ್ಕೆ ಒರೆಸಿದಳು. ಮತ್ತೆ ಮತ್ತೆ ಒರೆಸಿದಳು.

"ತಿಳೀತು," ಅಂದಳು. "ನಿಮ್ಮಪ್ಪ ನೀರು ನೀರು ಅಂತ ಒದ್ದಾಡಿದಾಗ ನೀನ ಕುಡಿಸಿದಿ. ನಿನ್ನಂಥಾ ಮಗಾ ಯಾರಿಗೂ ಇಲ್ಲ ಅಂತ ನಾ ಊರ ತುಂಬ ಹೇಳ್ಕೋತ ತಿರಗ್ಯಾಡಿದ್ನಿ."

"ಬಾವಿ ತೋಡಿದಾಂವ ನಾನು," ಅಂದ ಮುರಿಗೆಪ್ಪ. ಅಷ್ಟೇ ಅಂದದ್ದು. ಎದ್ದು ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಮೇವು ಹಾಕತೊಡಗಿದ, ದಿನದಂತೆ.

ಬೆಳಗಾಗುವ ಹೊತ್ತಿಗೆ ಕಾಶೆವ್ವ ಕಿರಿಯ ಮಗನನ್ನೂ ಸೊಸೆಯನ್ನೂ ಎಬ್ಬಿಸಿ ಹೊರಡಿಸಿದಳು. ಫೌಜದಾರನ ಹತ್ತಿರ ಹೋಗೋಣ ಅಂದ ದುಂಡಪ್ಪ. "ನಿಮ್ಮಪ್ಪಗ ಮಣ್ಣು ಕೊಟ್ಟು ವರ್ಷಾತು. ಮಣ್ಣ ತಗದು ಯಾರಿಗೆ ತೋರಸ್ತಿ?" ಅಂದಳು ತಾಯಿ. "ಇವಳ ಅಪ್ಪನ ಮನಿಗೆ ಹೋಗ್ರಿ. ಗಿರಣ್ಯಾಗ ದುಡದು ಉಣ್ಣ್ರಿ. ಜೀವಾ ಇದ್ರ ಹೊಲಾ ಎಲ್ಲಿ ಹೋಗತೈತಿ."

"ನೀವೂ ಬರ್ರಿ ಅತ್ತಿ," ಅಂದಳು ಪಾರವ್ವ, ಕೈ ಹಿಡಿದು. "ಇವನ ಹತ್ರ ಹ್ಯಾಂಗ ಇರ್ತೀರಿ?"

"ನಾ ಹಡದದ್ದು," ಅಂದಳು ಕಾಶೆವ್ವ. "ಅವಂಗ ರೊಟ್ಟಿ ಬಡ್ಯಾವ್ರು ಯಾರು?"

ಚಾಳಿನ ಮನೆಯಲ್ಲಿ ದುಂಡಪ್ಪ ನಿಧಾನವಾಗಿ ಮನುಷ್ಯನಾದ. ಮಾವನ ಜೊತೆ ಗಿರಣಿಗೆ ಸೇರಿದ. ಯಾರಾದರೂ ಹೊಸಬರು ಕೊಟ್ಟ ಊಟಕ್ಕೆ ಮಾತ್ರ ಕೈ ಹಾಕುತ್ತಿರಲಿಲ್ಲ. ಪಾರವ್ವ ಬಸುರಿಯಾದಳು.

ಬೇಸಿಗೆಯ ಬಾಯಿಗೆ, ಗೋಕಾಕಕ್ಕೆ ಬಂದ ಊರ ಬಂಡಿಯವನು ಸುದ್ದಿ ತಂದ: ಪಾರವ್ವ ಒಮ್ಮೆ ಬಂದು ಹೋಗಬೇಕಂತೆ, ಮುದುಕಿ ಹೇಳಿ ಕಳಿಸಿದ್ದಾಳೆ. ದುಂಡಪ್ಪ ಒಲ್ಲೆ ಅಂದ. ಅವಳು ಅದೇ ಬಂಡಿಯಲ್ಲಿ ಹೋದಳು.

ಕಟ್ಟೆಯ ಮೇಲೆ ಕೂತವನನ್ನು ಅವಳು ಮೊದಲು ಗುರುತಿಸಲಿಲ್ಲ. ಮುರಿಗೆಪ್ಪನ ಗಲ್ಲ ಒಳಗೆ ಹೋಗಿತ್ತು. ಪಕ್ಕೆಲುಬು ಎಣಿಸುವಂತಿದ್ದವು. ಮಡಿಲಲ್ಲಿ ಹಸಿಜೋಳ ಇಟ್ಟುಕೊಂಡು ಒಂದೊಂದೇ ಕಾಳು ಅಗಿಯುತ್ತಿದ್ದ.

ಒಳಗೆ ಬುಟ್ಟಿಯ ತುಂಬ ರೊಟ್ಟಿ ಇತ್ತು. ಕಾಶೆವ್ವ ಒಲೆಯ ಮುಂದೆ ತಡಕಾಡುತ್ತ ಇನ್ನೂ ಬಡಿಯುತ್ತಿದ್ದಳು.

"ನೀವು ಹೋದ ದಿನದಿಂದ ನನ್ನ ಕೈಯಾಂದು ಉಂಡಿಲ್ಲ," ಅಂದಳು. "ದಿನಾ ಬಡಿಸ್ತೇನಿ. ದಿನಾ ನೋಡ್ತಾನ. ಒಯ್ದು ಕಾಗಿಗೆ ಹಾಕ್ತಾನ. ಕಾಗಿ ತಿಂದು ಹಾರಿದ್ರೂ ನಂಬೂದಿಲ್ಲ. ನಾ ಏನೂ ಹಾಕಿಲ್ಲವಾ. ಲಿಂಗದಾಣಿ. ಏನೂ ಹಾಕಿಲ್ಲ. ನೀನರ ಕೊಟ್ಟು ನೋಡು."

ಪಾರವ್ವ ಹೊಸದಾಗಿ ಒಂದು ರೊಟ್ಟಿ ಬಡಿದಳು. ಹಬೆಯಾಡುವ ರೊಟ್ಟಿಯನ್ನು ಹೊರಗೆ ತಂದು ಅವನೆದುರೇ ನಡುವೆ ಮುರಿದಳು. ಅರ್ಧ ತಾನು ತಿಂದಳು, ಅವನು ನೋಡುತ್ತಿದ್ದಂತೆ, ಕೊನೆಯ ಚೂರಿನವರೆಗೆ. ಉಳಿದರ್ಧ ಚಾಚಿದಳು.

ಮುರಿಗೆಪ್ಪ ತೆಗೆದುಕೊಂಡ. ಮೂಗಿನ ಹತ್ತಿರ ಹಿಡಿದು ಮೂಸಿದ. ಕಣ್ಣಲ್ಲಿ ನೀರು ಬಂತು. ಆಮೇಲೆ ರೊಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟು ದೂರ ಸರಿಸಿದ.

"ನೀ ತಿಂದದ್ದು ಆ ಬಾಜೂದು," ಅಂದ.

ಮುಂದಿನ ಮಳೆಗಾಲದ ಹೊತ್ತಿಗೆ ಅವನು ಹೋದ. ಮಣ್ಣಿಗೆ ಬಂದ ಬೀಗರಲ್ಲಿ ಒಬ್ಬರು, ಏನಾಗಿತ್ತು ಅಂತ ಕಾಶೆವ್ವನನ್ನು ಕೇಳಿದರು. "ಹಸದು ಸತ್ತ," ಅಂದಳು ಅವಳು. ಕಣಜದ ಬಾಯಿಯವರೆಗೆ ಜೋಳ ತುಂಬಿದ ಮನೆಯಲ್ಲಿ ನಿಂತು ಆ ಮಾತು ಕೇಳಿದವರು, ಮುದುಕಿಗೆ ಮಗನ ದುಃಖದಲ್ಲಿ ಬುದ್ಧಿ ತಪ್ಪಿದೆ ಅಂದುಕೊಂಡು ಸುಮ್ಮನಾದರು.